ದ್ರೋಹಚಿಂತನೆ ಈಗ ಯಾರದು?

ಪ್ರತಿವರ್ಷವೂ ಡಿಸೆಂಬರ್ 24ನೆಯ ತಾರೀಖು ಬಂದಿತೆಂದರೆ, ರಾಷ್ಟ್ರೀಯ ಗ್ರಾಹಕ ದಿನದ ವೇದಿಕೆಗಳು ಸಜ್ಜಾಗುತ್ತವೆ, ದೀಪ ಬೆಳಗುತ್ತದೆ, ಶಾಲು ಹೊದಿಸಿಕೊಂಡ ಮಹನೀಯರು ಒಬ್ಬರಾದ ಮೇಲೊಬ್ಬರು ಎದ್ದು ನಿಂತು, ಗ್ರಾಹಕನು ಮುಗ್ಧನು, ಅಸಹಾಯನು, ವರ್ತಕನೆಂಬ ಹೆಬ್ಬುಲಿಯ ಎದುರು ನಿಂತ ಪುಣ್ಯಕೋಟಿಯಂಥವನು, ಆದುದರಿಂದ ಅವನಿಗೆ ಇನ್ನಷ್ಟು ರಕ್ಷಣೆ, ಇನ್ನಷ್ಟು ಹಕ್ಕು, ಇನ್ನಷ್ಟು ಸವಲತ್ತು ಒದಗತಕ್ಕದ್ದೆಂದು ಗದ್ಗದಕಂಠರಾಗಿ ನುಡಿಯುತ್ತಾರೆ. ಕಥೆಯ ಪುಣ್ಯಕೋಟಿಯಾದರೋ ಕೊಟ್ಟ ಮಾತಿಗೆ ತಪ್ಪದೆ ಮರಳಿ ಬಂದಿತು. ಈಗಿನ ಪುಣ್ಯಕೋಟಿಯು ಸರಕನ್ನು ಮನೆಗೆ ಒಯ್ದು, ಕೊಟ್ಟ ದುಡ್ಡನ್ನೂ ಹಿಂದಕ್ಕೆಳೆದುಕೊಂಡು, ಹುಲಿಯೇ ತನ್ನನ್ನು ಕಚ್ಚಿತೆಂದು ದೂರಿತ್ತು, ಮರುದಿನ ಬೆಳಗ್ಗೆ ಬೇರೊಂದು ಹುಲಿಯನ್ನರಸಿ ಹೊರಡುತ್ತದೆ. ಈ ಸಂಗತಿ ವೇದಿಕೆಯ ಮೇಲಿನವರ ಕಿವಿಗೆ ಇನ್ನೂ ಬಿದ್ದಿಲ್ಲವೆಂದರೆ, ಅವರಲ್ಲಿ ಯಾರೊಬ್ಬರೂ ಜೀವಮಾನದಲ್ಲಿ ಒಂದು ಮೊಳ ಹೂವನ್ನಾದರೂ ಮಾರಿದವರಲ್ಲವೆಂದೇ ತಿಳಿಯಬೇಕು.

ಆ ಹುಲಿಗಳನ್ನು ಕಣ್ಣಾರೆ ಕಾಣಬೇಕೆಂಬ ಕುತೂಹಲವುಳ್ಳವರು ನೇರಳೆ ಮಾರ್ಗದ ಮೆಟ್ರೋ ಹತ್ತಿ ನಮ್ಮ ಕೆಂಗೇರಿ ಉಪನಗರಕ್ಕೆ ದಯಮಾಡಿಸಲಿ. ಬಸ್ ಟರ್ಮಿನಲ್ಲಿನ ಮಗ್ಗುಲಲ್ಲಿ ಟೀ ಕಾಯಿಸುವವನು, ತಳ್ಳುಗಾಡಿಯಲ್ಲಿ ಸೊಪ್ಪು ಮಾರುವವಳು, ಕೊಮ್ಮಘಟ್ಟ ರಸ್ತೆಯಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗ, ಇವರೇ ಆ ಭಯಂಕರ ವ್ಯಾಘ್ರಗಳು. 2021ರ ಆಗಸ್ಟಿನಲ್ಲಿ ಮೆಟ್ರೋ ಕೆಂಗೇರಿಯನ್ನು ಮುಟ್ಟಿದ ಮೇಲೆ ಮುಖ್ಯರಸ್ತೆಯ ಮಳಿಗೆಗಳ ಅಡ್ವಾನ್ಸೂ ಬಾಡಿಗೆಯೂ ಸಾಮಾನ್ಯರ ಕೈಗೆ ನಿಲುಕದಂತಾಗಿರುವುದರಿಂದ, ಮನೆಯ ಹಜಾರವನ್ನೇ ಅಂಗಡಿಯನ್ನಾಗಿ ಮಾಡಿಕೊಂಡು, ಇಳಕಲ್ ಸೀರೆಯನ್ನೋ ಕುಚ್ಚು ಕಟ್ಟಿದ ಸೆರಗನ್ನೋ ಚಕ್ಕುಲಿ ಕೋಡುಬಳೆಗಳನ್ನೋ ಹುರಿಹಿಟ್ಟು ಚಟ್ನಿಪುಡಿಗಳನ್ನೋ ವಾಟ್ಸಾಪಿನಲ್ಲಿ ತೋರಿಸಿ, ಯುಪಿಐ ಮೂಲಕ ಹಣ ಪಡೆದು, ಕೊರಿಯರಿನಲ್ಲಿ ಕಳುಹಿಸಿಕೊಟ್ಟು, ಮಕ್ಕಳ ಶಾಲೆಯ ಫೀಸಿಗೆ ಒಂದಿಷ್ಟು ಕೂಡಿಸುವ ಗೃಹಿಣಿಯರು ಇಲ್ಲಿ ಅಡ್ಡರಸ್ತೆಗೊಬ್ಬರಂತೆ ಇದ್ದಾರೆ. ಇವರ ಪೈಕಿ ರಿಟರ್ನಿನ ಕಥೆಯನ್ನು ಹೇಳಿ ನಿಟ್ಟುಸಿರಿಡದವರು ವಿರಳ. ಗೃಹಪ್ರವೇಶದಂದು ಉಟ್ಟು, ಮಲ್ಲಿಗೆಯ ಕಂಪೂ ಕುಂಕುಮದ ಕಲೆಯೂ ಆರುವ ಮುನ್ನವೇ ಮಡಿಸಿ, ‘ಬಣ್ಣ ಫೋಟೋದಲ್ಲಿದ್ದಂತಿಲ್ಲ’ ಎಂಬ ಒಕ್ಕಣೆಯೊಡನೆ ಸೀರೆಯನ್ನು ಹಿಂದಿರುಗಿಸುವ ಸಂಭಾವಿತ ಮಹಿಳೆಯನ್ನು ಯಾವ ನ್ಯಾಯಾಲಯ ವಿಚಾರಿಸೀತು? ಹೊಸದನ್ನು ಇಟ್ಟುಕೊಂಡು ಡಬ್ಬಿಯಲ್ಲಿ ಹಳೆಯದನ್ನು ತುಂಬಿ ಕಳುಹಿಸಿದ ಸದ್ಗೃಹಸ್ಥನನ್ನು ಯಾರು ತಾನೆ ಕಳ್ಳನೆಂದಾರು? ಈಗ ಇಲ್ಲಿಯ ಹೆಂಗಸರು ಸರಕನ್ನು ಡಬ್ಬಿಯಲ್ಲಿಟ್ಟು ಟೇಪು ಹಚ್ಚುವ ತನಕ ಪ್ರತಿಯೊಂದು ಪ್ಯಾಕಿಂಗನ್ನೂ ವೀಡಿಯೊ ಮಾಡಿಟ್ಟುಕೊಳ್ಳುತ್ತಾರೆ. ಪ್ರಾಮಾಣಿಕಳಾಗಿರುವುದಕ್ಕೆ ಸಾಕ್ಷ್ಯವನ್ನು ಮುಂಚಿತವಾಗಿಯೇ ಸಿದ್ಧಪಡಿಸಿಡಬೇಕಾದ ದುರ್ಗತಿ ಮಾರುವವಳಿಗೆ. ಕೊಳ್ಳುವವನಿಗಾದರೋ ಒಂದು ಸ್ಕ್ರೀನ್‌ಶಾಟೇ ಪ್ರಮಾಣ.

ಈ ಅನ್ಯಾಯಕ್ಕೆ ಯಂತ್ರವೊಂದನ್ನು ಕಟ್ಟಿಕೊಟ್ಟವರಿದ್ದಾರೆ. ಅದಕ್ಕೆ ಚಾರ್ಜ್‌ಬ್ಯಾಕ್ ಎಂದು ಹೆಸರು. ಅಮೆರಿಕಾ ದೇಶದವರು 1974ರಲ್ಲಿ ಕ್ರೆಡಿಟ್ ಕಾರ್ಡಿನ ಲೆಕ್ಕದ ತಪ್ಪುಗಳನ್ನು ತಿದ್ದಿಸಿಕೊಳ್ಳುವ ಹಕ್ಕೊಂದನ್ನು ಕಾನೂನಿನ ಮೂಲಕ ತಮ್ಮ ಗ್ರಾಹಕರಿಗಿತ್ತರು. ಆ ಹಕ್ಕು ಅಂದಿನ ಕಾಲಕ್ಕೆ ನ್ಯಾಯವಾದುದೇ. ಅದು ಸಮುದ್ರವನ್ನು ದಾಟಿ, ಕಾರ್ಡಿನಿಂದ ಮೊಬೈಲಿಗೆ ಇಳಿದು, ನಮ್ಮ ಟೀ ಅಂಗಡಿಯ ಕ್ಯೂಆರ್ ಕೋಡಿನವರೆಗೆ ಬರುವಷ್ಟರಲ್ಲಿ, ತಪ್ಪನ್ನು ತಿದ್ದುವ ಉಪಾಯವೆಂಬುದು ಹೋಗಿ ತಪ್ಪನ್ನೆಸಗುವ ಉಪಾಯವಾಗಿ ಪರಿಣಮಿಸಿದೆ. ಕೊಂಡವನು ‘ಸರಕು ತಲುಪಿಲ್ಲ’ ಎಂದು ತಕರಾರು ಹೂಡಿದ ಕ್ಷಣವೇ ಮಾರಿದವನ ಹಣ ತಡೆಹಿಡಿಯಲ್ಪಡುತ್ತದೆ. ಅನಂತರ ಮಾರಿದವನು ಬಿಲ್ಲು, ಕೊರಿಯರ್ ರಸೀತಿ, ಸಹಿ, ಭಾವಚಿತ್ರ, ಮಾತುಕತೆಯ ಪ್ರತಿ ಇವೆಲ್ಲವನ್ನೂ ಗೊತ್ತುಪಡಿಸಿದ ಅವಧಿಯೊಳಗೆ ಒಪ್ಪಿಸಬೇಕು. ಒಂದು ದಿನ ತಡವಾಯಿತೋ, ತಕರಾರು ತಾನಾಗಿಯೇ ಗೆದ್ದಂತೆ. ಮೊದಲು ಶಿಕ್ಷೆ, ಆಮೇಲೆ ವಿಚಾರಣೆ ಎಂಬ ನ್ಯಾಯಪದ್ಧತಿಯನ್ನು ಯಾವ ಅರಸನೂ ತನ್ನದೆಂದು ಹೇಳಿಕೊಳ್ಳಲು ನಾಚುತ್ತಿದ್ದನು.

ಇದೇ ಮೈಸೂರು ರಸ್ತೆಯಲ್ಲಿ ಮುಂದೆ ಸಾಗಿದರೆ ಚನ್ನಪಟ್ಟಣ. ಆಲೆಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ, ಬೊಂಬೆಗಳನ್ನು ಹೊರದೇಶಕ್ಕೆ ಕಳುಹಿಸುವ ಕುಶಲಕರ್ಮಿಯು ಹಣವನ್ನು ಪೇಪಾಲಿನ ಮುಖಾಂತರ ಪಡೆದನೆನ್ನಿ. ಅಲ್ಲಿ ಕೊಂಡವನಿಗೆ ತಕರಾರು ಹೂಡಲು 180 ದಿನಗಳ ಅವಕಾಶ. ಅರ್ಧ ವರ್ಷ ಮಗು ಆಡಿ, ಹಲ್ಲಿನಿಂದ ಕಚ್ಚಿ, ನೆಲಕ್ಕೆಸೆದ ಬೊಂಬೆ ‘ವರ್ಣಿಸಿದಂತೆ ಇಲ್ಲ’ ಎಂದು ಸಾಗರದಾಚೆಯ ತಂದೆಗೆ ಹೊಳೆಯಬಹುದು. ಹೊಳೆದರೆ ಹಣ ತಡೆ. ಬೊಂಬೆಯ ಹಲ್ಲುಗುರುತನ್ನು ಚನ್ನಪಟ್ಟಣದಲ್ಲಿ ಕುಳಿತವನು ಹೇಗೆ ಸಾಬೀತು ಮಾಡಬೇಕು?

ಯುಪಿಐ ವ್ಯವಸ್ಥೆಯನ್ನು ನಡೆಸುವ ರಾಷ್ಟ್ರೀಯ ಪಾವತಿ ನಿಗಮದವರಿಗೇ ಈ ರೋಗದ ಸುಳಿವು ಸಿಕ್ಕದೆ ಇರಲಿಲ್ಲ. ಆದುದರಿಂದಲೇ 2024ರ ಕೊನೆಯಲ್ಲಿ ಅವರು, ಗ್ರಾಹಕನೊಬ್ಬನು 30 ದಿನಗಳಲ್ಲಿ 10ಕ್ಕೂ, ಒಬ್ಬನೇ ಹಣ ಪಡೆದವನ ವಿರುದ್ಧ 5ಕ್ಕೂ ಮಿಗಿಲಾಗಿ ಚಾರ್ಜ್‌ಬ್ಯಾಕ್ ಹೂಡಕೂಡದೆಂದು ಮಿತಿಯನ್ನು ವಿಧಿಸಿದರು. ಓದುಗರು ಈ ಸಂಖ್ಯೆಯನ್ನು ಎರಡು ಬಾರಿ ಓದಬೇಕು. ತಿಂಗಳಿಗೆ ಹತ್ತು ಸಲ ವಂಚಿತನಾಗುವ ದುರದೃಷ್ಟಶಾಲಿಯು ಭೂಮಂಡಲದಲ್ಲಿ ಎಲ್ಲಿದ್ದಾನೆ? ಒಬ್ಬನೇ ಅಂಗಡಿಯವನಿಂದ ಐದು ಸಲ ಮೋಸಹೋಗಿ ಆರನೆಯ ಸಲ ಅಲ್ಲಿಗೇ ಹೋಗುವವನು ಗ್ರಾಹಕನೋ, ತಪಸ್ವಿಯೋ? ಅಷ್ಟಾದರೂ ಮಿತಿಯೊಂದಿತ್ತಲ್ಲ ಎಂದು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ, 2025ರ ಜುಲೈ 15ರಿಂದ, ಮಿತಿ ಮೀರಿ ತಿರಸ್ಕೃತವಾದ ತಕರಾರನ್ನೂ ಗ್ರಾಹಕನ ಬ್ಯಾಂಕು ಸದ್ಭಾವನೆಯಿಂದ ನೈಜವೆಂದು ಭಾವಿಸಿದಲ್ಲಿ ಮತ್ತೆ ಹೂಡಬಹುದೆಂಬ ಹಿತ್ತಿಲ ಬಾಗಿಲನ್ನು ತೆರೆದಿಟ್ಟರು. ಸದ್ಭಾವನೆ ಯಾರ ಮೇಲೆ? ಗ್ರಾಹಕನ ಮೇಲೆ. ವರ್ತಕನ ಮೇಲೆ ಸದ್ಭಾವನೆಯಿರಿಸತಕ್ಕ ನಿಯಮವೊಂದು ಇದ್ದರೆ ಅದನ್ನು ನನಗೆ ತೋರಿಸಲಿ.

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ 26ನೆಯ ಕಲಮು ಎಂಬುದೊಂದಿತ್ತು. ಹುರುಳಿಲ್ಲದ, ಪೀಡಿಸುವುದಕ್ಕಾಗಿಯೇ ತಂದ ದೂರನ್ನು ವಜಾ ಮಾಡಿ, ದೂರಿದವನಿಂದ ಎದುರುವಾದಿಗೆ 10,000 ರೂಪಾಯಿವರೆಗೆ ಖರ್ಚು ಕೊಡಿಸಬಹುದೆಂದು ಅದು ಹೇಳುತ್ತಿತ್ತು. ಅಲ್ಪವಾದ ಮೊತ್ತವೇ ಸರಿ; ಆದರೂ ಸುಳ್ಳಿಗೆ ಒಂದು ಬೆಲೆಯುಂಟೆಂಬುದನ್ನು ಕಾನೂನು ಒಪ್ಪಿಕೊಂಡಿತ್ತು. 2019ರಲ್ಲಿ ಹೊಸ ಕಾಯಿದೆ ಬಂದಿತು. 2020ರ ಜುಲೈ 20ರಿಂದ ಜಾರಿಯಾಯಿತು. ಹಳೆಯ ಕಲಮುಗಳೆಷ್ಟೋ ಹೊಸ ಉಡುಪು ತೊಟ್ಟು ಮರಳಿ ಬಂದವು. ಆ 26ನೆಯ ಕಲಮು ಮಾತ್ರ ಬರಲಿಲ್ಲ. ಹತ್ತು ಸಾವಿರವಿದ್ದದ್ದು ಸೊನ್ನೆಯಾಯಿತು. ಮೊಬೈಲಿನಲ್ಲಿ ಕುಳಿತಲ್ಲಿಯೇ ದೂರು ಕೊಡಬಹುದಾದ ಕಾಲದಲ್ಲಿ, ಸುಳ್ಳು ಹೇಳುವುದು ಹಿಂದೆಂದಿಗಿಂತಲೂ ಸುಲಭವಾದ ಕಾಲದಲ್ಲಿ, ಸುಳ್ಳಿಗಿದ್ದ ಒಂದೇ ಒಂದು ದಂಡವನ್ನು ತೆಗೆದುಹಾಕಿದ ಶಾಸನಕಾರರ ದೂರದೃಷ್ಟಿಯನ್ನು ಎಷ್ಟು ಕೊಂಡಾಡಿದರೂ ತೀರದು.

ಇಷ್ಟೇ ಸಾಲದೆಂಬಂತೆ, 5 ಲಕ್ಷ ರೂಪಾಯಿವರೆಗಿನ ಖರೀದಿಯ ಬಗ್ಗೆ ಗ್ರಾಹಕ ಆಯೋಗಕ್ಕೆ ಹೋಗುವವನು ಶುಲ್ಕವಾಗಿ ಒಂದು ಕಾಸನ್ನೂ ಕೊಡಬೇಕಾಗಿಲ್ಲ. ಕೊಂಡವನಿಂದ ವಂಚಿತಳಾದ ಸೀರೆ ಮಾರುವವಳಾದರೋ ಆ ಬಾಗಿಲನ್ನು ಬಡಿಯುವಂತೆಯೇ ಇಲ್ಲ, ಅವಳು ಗ್ರಾಹಕಳಲ್ಲವಷ್ಟೆ. ಅವಳು ಸಿವಿಲ್ ನ್ಯಾಯಾಲಯಕ್ಕೆ ಹೋಗಿ, ಕೋರ್ಟ್ ಶುಲ್ಕ ಕಟ್ಟಿ, ವಕೀಲರನ್ನು ಹಿಡಿದು, ಎರಡು ಸಾವಿರ ರೂಪಾಯಿಯ ಸೀರೆಗಾಗಿ ವರ್ಷಗಳನ್ನು ಸವೆಸಬೇಕು. 2020ರ ಜುಲೈ 23ರಂದು ಪ್ರಕಟವಾದ ಇ-ವಾಣಿಜ್ಯ ನಿಯಮಗಳನ್ನು ತೆರೆದು ನೋಡಿದರೆ, ಜಾಲತಾಣದವರ ಕರ್ತವ್ಯಗಳೆಂಬ ಶೀರ್ಷಿಕೆಯಿದೆ, ಮಾರಾಟಗಾರರ ಕರ್ತವ್ಯಗಳೆಂಬ ಶೀರ್ಷಿಕೆಯಿದೆ. ದೋಷವುಳ್ಳ ಸರಕನ್ನು ಹಿಂದಕ್ಕೆ ಪಡೆಯಲು ನಿರಾಕರಿಸಕೂಡದು, ಹಣ ಮರಳಿಸಲು ನಿರಾಕರಿಸಕೂಡದು ಎಂದೆಲ್ಲ ವಿಧಿಗಳಿವೆ. ಕೊಳ್ಳುವವನ ಕರ್ತವ್ಯಗಳೆಂಬ ಶೀರ್ಷಿಕೆಯನ್ನು ಮಾತ್ರ ಭೂತಕನ್ನಡಿ ಹಿಡಿದು ಹುಡುಕಿದರೂ ಕಾಣಲಾರಿರಿ. ಅಂಗಡಿಯವನ ತಕ್ಕಡಿ ಒಂದಿಷ್ಟು ವಾಲಿದರೆ ದಂಡ ಹಾಕಲು ಕಾನೂನು ಮಾಪನ ಇಲಾಖೆಯಿದೆ, 2009ರ ಕಾಯಿದೆಯಿದೆ. ಗ್ರಾಹಕನ ನಾಲಗೆ ವಾಲಿದರೆ ಅಳೆಯಲು ಯಾವ ಇಲಾಖೆಯಿದೆ?

ಪೊಲೀಸರಿಗೆ ಸುಳ್ಳು ಮಾಹಿತಿ ಕೊಟ್ಟವರಿಗೆ ಭಾರತೀಯ ನ್ಯಾಯ ಸಂಹಿತೆಯ 217ನೆಯ ಕಲಮು ಇದೆಯಲ್ಲ ಎಂದು ವಿದ್ವಾಂಸರಾದ ವಕೀಲಮಿತ್ರರು ಹೇಳುವರು. ಇದೆ, ಸ್ವಾಮಿ, ಆದರೆ ತಕರಾರಿನ ಗುಂಡಿಯೊತ್ತಿ ಆ್ಯಪಿಗೆ ಸುಳ್ಳು ಹೇಳಿದರೆ ಅದು ಸಾರ್ವಜನಿಕ ನೌಕರನಿಗೆ ಹೇಳಿದಂತಾಗುವುದಿಲ್ಲವಲ್ಲ. ಪೊಲೀಸರ ಮಾತೆತ್ತಿದಿರೆಂದ ಮೇಲೆ ಅದನ್ನೂ ಹೇಳಿಬಿಡುತ್ತೇನೆ. 1930 ಎಂಬ ಸಂಖ್ಯೆಗೆ ಕರೆ ಮಾಡಿ ಸೈಬರ್ ವಂಚನೆಯೆಂದು ದೂರಿದರೆ, ಹಣ ಹರಿದ ದಾರಿಯಲ್ಲಿರುವ ಅಕೌಂಟುಗಳಿಗೆಲ್ಲ ಲಿಯನ್, ಅಂದರೆ ತಡೆ, ಬೀಳುತ್ತದೆ. ನಿಜವಾಗಿ ಮೋಸಹೋದವರಿಗೆ ಅದು ವರವೆನ್ನಿ. ಆದರೆ ನಲವತ್ತು ರೂಪಾಯಿಯ ತಿಂಡಿಗೆ ಯಾರೋ ಅಪರಿಚಿತನು ಯಾವುದೋ ಹಣದಿಂದ ಸ್ಕ್ಯಾನ್ ಮಾಡಿ ಹೋದ ತಪ್ಪಿಗೆ, ಕೇಳಿ ಅರಿಯದ ಊರಿನ ಠಾಣೆಯ ಪತ್ರದಿಂದಾಗಿ ಹೋಟೆಲಿನವನ ಇಡಿಯ ಅಕೌಂಟ್ ಫ್ರೀಜ್ ಆಗಿ, ಹಾಲಿನವನಿಗೆ ಕೊಡಲು ಕಾಸಿಲ್ಲದೆ ಅವನು ಬ್ಯಾಂಕಿನ ಮೆಟ್ಟಿಲು ಸವೆಸುವುದು ಯಾವ ಧರ್ಮ? ವಿವಾದವಿರುವ ಮೊತ್ತವನ್ನಷ್ಟೇ ತಡೆಹಿಡಿಯಬೇಕು, ಇಡಿಯ ಅಕೌಂಟನ್ನಲ್ಲ ಎಂದು 2023ರಲ್ಲಿ ಕೇರಳ ಹೈಕೋರ್ಟೂ 2024ರಲ್ಲಿ ಮದ್ರಾಸ್ ಹೈಕೋರ್ಟೂ ಹೇಳಬೇಕಾಗಿ ಬಂದಿತು. ಇಷ್ಟು ಸರಳವಾದ ವಿವೇಕವನ್ನು ಬೋಧಿಸಲು ಉಚ್ಚ ನ್ಯಾಯಾಲಯಗಳೇ ಬೇಕಾದವೆಂಬುದು ನಮ್ಮ ಆಡಳಿತಕ್ಕೆ ಸಂದ ಬಿರುದು.

ದೊಡ್ಡ ವರ್ತಕರು ಸುರಕ್ಷಿತರೆಂದು ಭ್ರಮಿಸಬೇಡಿ. ಬೆಂಗಳೂರಿನಲ್ಲೇ ನೆಲೆಸಿರುವ ಮಿಂತ್ರಾ ಸಂಸ್ಥೆಯು 2024ರಲ್ಲಿ, ದುಬಾರಿ ಸರಕನ್ನು ತರಿಸಿಕೊಂಡು, ಕಡಮೆ ಬಂದಿದೆ, ಬೇರೆಯದು ಬಂದಿದೆ ಎಂದು ಹುಸಿದೂರು ಕೊಟ್ಟವರಿಗೆ ಹಣ ಮರಳಿಸಿ, ಈ ನಗರವೊಂದರಲ್ಲೇ 1 ಕೋಟಿ 10 ಲಕ್ಷ ರೂಪಾಯಿ ಕಳೆದುಕೊಂಡುದಾಗಿ ಪೊಲೀಸರ ಮೊರೆಹೊಕ್ಕಿತು. ಅಂಥ ಸಂಸ್ಥೆಗೆ ಲೆಕ್ಕ ತಪಾಸಣೆಯವರಿದ್ದಾರೆ, ವಕೀಲರಿದ್ದಾರೆ. ಚಟ್ನಿಪುಡಿ ಮಾರುವವಳಿಗೆ ಯಾರಿದ್ದಾರೆ?

ಸರ್ಕಾರಕ್ಕೆ ವರ್ತಕನೆಂದರೆ ಹಿಂಡತಕ್ಕ ಕೆಚ್ಚಲೇ ಹೊರತು ಕಾಪಾಡತಕ್ಕ ಪ್ರಜೆಯಲ್ಲವೆಂಬುದಕ್ಕೆ 2025ರ ಜುಲೈ ತಿಂಗಳಿಗಿಂತ ಬೇರೆ ನಿದರ್ಶನ ಬೇಡ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಲೆಕ್ಕವನ್ನು ಮುಂದಿಟ್ಟುಕೊಂಡು, ಬೇಕರಿ, ಕಾಂಡಿಮೆಂಟ್ಸ್, ಹಾಲಿನಂಗಡಿಗಳವರಿಗೆಲ್ಲ ಹಿಂದಿನ ನಾಲ್ಕು ವರ್ಷಗಳ ಜಿಎಸ್‌ಟಿ ನೋಟೀಸನ್ನಿತ್ತಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬನಿಗೆ 29 ಲಕ್ಷ ರೂಪಾಯಿಯ ಬೇಡಿಕೆ ಹೋಯಿತು. ಬೆಂಗಳೂರಿನ ಅಂಗಡಿಗಳಲ್ಲಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂಬ ಚೀಟಿಗಳು ಅಂಟಿಕೊಂಡವು. ಕಡೆಗೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರನ್ನು ಕರೆಸಿ, ನೋಂದಣಿ ಮಾಡಿಕೊಂಡವರಿಂದ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಹೇಳಬೇಕಾಯಿತು. ಇಲ್ಲಿ ಗಮನಿಸತಕ್ಕ ವೈಚಿತ್ರ್ಯವೇನೆಂದರೆ, ತೆರಿಗೆ ಎತ್ತುವಾಗ ಯುಪಿಐ ದಾಖಲೆಯೊಂದೇ ಪರಮ ಪ್ರಮಾಣ. ‘ನಾನು ಸರಕು ಕೊಟ್ಟೆ, ಆತ ಹಣ ಕೊಟ್ಟ, ಇದೋ ದಾಖಲೆ’ ಎಂದು ಅದೇ ವರ್ತಕನು ತಕರಾರಿನಲ್ಲಿ ಅದನ್ನೇ ಮುಂದಿಟ್ಟರೆ, ಅದು ಏನನ್ನೂ ಸಾಧಿಸದು.

ಇದೆಲ್ಲಕ್ಕೂ ಮೂಲ ನಮ್ಮ ಮನಸ್ಸಿನಲ್ಲೇ ಇದೆ. ‘ವ್ಯಾಪಾರಂ ದ್ರೋಹಚಿಂತನಂ’ ಎಂಬ ಗಾದೆಯನ್ನು, ಒಂದು ರೂಪಾಯಿಯ ಲಾಭಕ್ಕೂ ನಷ್ಟಕ್ಕೂ ತಮ್ಮನ್ನೊಡ್ಡಿಕೊಂಡರಿಯದ ಸಂಬಳದ ವರ್ಗದವರು ವೇದವಾಕ್ಯವೆಂಬಂತೆ ಉಚ್ಚರಿಸುತ್ತ ಬಂದಿದ್ದಾರೆ. ತಿಂಗಳ ಮೊದಲ ತಾರೀಖು ವೇತನ ಬರುವವನು ಸೊಪ್ಪಿನವಳೊಡನೆ ಎರಡು ರೂಪಾಯಿಗೆ ಚೌಕಾಸಿ ಮಾಡುವುದು ವ್ಯವಹಾರಜ್ಞಾನ. ಅವಳು ಎರಡು ರೂಪಾಯಿ ಹೆಚ್ಚಿಗೆ ಹೇಳುವುದು ಸುಲಿಗೆ! ಸೌಂಡ್‌ಬಾಕ್ಸ್ ಕೂಗುವ ಮುನ್ನವೇ ಹಳೆಯ ಪಾವತಿಯ ಚಿತ್ರವನ್ನು ತೋರಿಸಿ, ‘ಹೋಗಿದೆ ನೋಡ್ರಿ’ ಎಂದು ಬಸ್ಸು ಹತ್ತುವವನು ವಿದ್ಯಾವಂತ. ಅವನ ಹಿಂದೆ ಓಡುವ ಎಳನೀರಿನವನು ಅಸಭ್ಯ. ದ್ರೋಹವನ್ನು ಯಾರು ಚಿಂತಿಸುತ್ತಿದ್ದಾರೆಂದು ಆ ಗಾದೆಯನ್ನು ಹೇಳುವವರು ಒಮ್ಮೆ ಕೆಂಗೇರಿಯ ಬಸ್ ಟರ್ಮಿನಲ್ಲಿನಲ್ಲಿ ನಿಂತು ನೋಡಲಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ತಕರಾರು ತೀರ್ಮಾನವಾಗುವ ತನಕ ಹಣವು ಇಬ್ಬರ ಕೈಯಲ್ಲೂ ಇರದೆ ಮಧ್ಯದಲ್ಲಿರಲಿ. ಸರಕನ್ನು ಹಿಂದಿರುಗಿಸದವನಿಗೆ ಹಣವೂ ಹಿಂದಿರುಗದಿರಲಿ. ಸುಳ್ಳೆಂದು ಸ್ಥಾಪಿತವಾದ ತಕರಾರಿಗೆ ಹೂಡಿದವನೇ ದಂಡ ತೆರಲಿ. ಆ ದಂಡ ಬ್ಯಾಂಕಿನ ಬೊಕ್ಕಸಕ್ಕೆ ಹೋಗದೆ ಮಾರಿದವಳ ಕೈ ಸೇರಲಿ. ಕೇಂದ್ರದಲ್ಲಿ ಗ್ರಾಹಕ ವ್ಯವಹಾರಗಳ ಖಾತೆಯನ್ನು 2024ರ ಜೂನ್‌ನಲ್ಲಿ ವಹಿಸಿಕೊಂಡವರು ಧಾರವಾಡದ ಸಂಸದರಾದ ಪ್ರಲ್ಹಾದ ಜೋಶಿಯವರು. ಕನ್ನಡದಲ್ಲಿ ಬರೆದುದು ಅರ್ಥವಾಗದೆಂದು ಈ ಬಾರಿ ದೆಹಲಿಯವರು ನೆವ ಹೇಳುವಂತಿಲ್ಲ. ಕಳೆದುಹೋದ 26ನೆಯ ಕಲಮನ್ನು ಮರಳಿ ತರಲು ಬೇಕಾಗಿರುವುದು ನಾಲ್ಕು ಸಾಲಿನ ತಿದ್ದುಪಡಿ. ಹತ್ತು ಸಾವಿರವನ್ನು ಇಂದಿನ ಬೆಲೆಗೆ ತಕ್ಕಂತೆ ಐವತ್ತು ಸಾವಿರಕ್ಕೆ ಏರಿಸಿದರೆ ಇನ್ನೂ ಲೇಸು. ಅಷ್ಟನ್ನು ಮಾಡಲಾರೆವೆಂದಾದರೆ, ಸುಳ್ಳು ಹೇಳಿ ಸರಕು ಪಡೆಯುವುದು ಈ ದೇಶದಲ್ಲಿ ಕಾನೂನುಬದ್ಧವಾದ ವೃತ್ತಿಯೆಂದು ಘೋಷಿಸಿಬಿಡಲಿ. ಆಗಲಾದರೂ ಆ ವೃತ್ತಿಯವರಿಂದ ಜಿಎಸ್‌ಟಿ ವಸೂಲು ಮಾಡಬಹುದು.