ಗೇಟಿನಾಚೆ ಹಾದುಹೋಗುವ ತರಕಾರಿ ಲಾರಿ

ಬೆಳಗಾವಿಯಲ್ಲಿ ಲೋಡಾದ ತರಕಾರಿ ಲಾರಿ ಚೋರ್ಲಾ ಘಾಟ್ ಇಳಿದು ಗೋವಾ ಸೇರಿದರೆ, ಸತ್ತರಿ ತಾಲ್ಲೂಕಿನ ಪರ್ಯೆ ಊರಿನ ಆಸುಪಾಸಿನಲ್ಲೇ ಸಾಂಖಳಿಯತ್ತ ಸಾಗಬೇಕು. ಅದೇ ಪರ್ಯೆಯಲ್ಲಿ ಗೋವಾ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಇದೆ. ಒಳಗೆ ಸಪ್ಲೈ ಚೈನ್ ಪಾಠ. ಹೊರಗೆ ಟೊಮೆಟೊ, ಎಲೆಕೋಸು, ಹಸಿಮೆಣಸಿನಕಾಯಿ ಹೊತ್ತ ಸಪ್ಲೈ ಚೈನೇ ಖುದ್ದಾಗಿ ಹಾರ್ನ್ ಹೊಡೆಯುತ್ತ ಹೋಗುತ್ತದೆ. ಇವೆರಡೂ ಪರಸ್ಪರ ಪರಿಚಯ ಮಾಡಿಕೊಳ್ಳಬೇಕಾದ ಕಾಲ ಬಂದಿದೆ.

ಗೋವಾದ ಅಡುಗೆಮನೆ ಬೆಳಗಾವಿಯ ತರಕಾರಿಯನ್ನು ಎಷ್ಟು ನೆಚ್ಚಿಕೊಂಡಿದೆ ಎಂಬುದು 2020ರ ಮಾರ್ಚ್‌ನಲ್ಲಿ ಎಲ್ಲರಿಗೂ ಗೊತ್ತಾಯಿತು. ಲಾಕ್‌ಡೌನ್‌ ಬಿದ್ದು ಗಡಿಯಲ್ಲಿ ಲಾರಿ ನಿಂತಿತು, ಅಂಗಡಿಗಳೂ ಮುಚ್ಚಿದವು. ಪಣಜಿ, ಮಡಗಾಂವ್‌ಗಳಲ್ಲಿ ಉಳ್ಳಾಗಡ್ಡಿ, ಆಲೂಗಡ್ಡೆಗೂ ಪರದಾಟ. ರಿಯಾಯಿತಿ ದರದಲ್ಲಿ ತರಕಾರಿ ಮಾರುವ ರಾಜ್ಯ ತೋಟಗಾರಿಕಾ ನಿಗಮದ ಗೂಡಂಗಡಿಗಳಿಗೂ ಮಾಲು ಬರಬೇಕಾದದ್ದು ಬಹುಪಾಲು ಘಾಟಿನ ಮೇಲಿನಿಂದಲೇ. ಸರಕು ಪೂರೈಕೆಯ ಅಪಾಯವನ್ನು ವಿವರಿಸಲು ಡೆಟ್ರಾಯಿಟ್‌ನ ಕಾರು ಕಾರ್ಖಾನೆಯವರೆಗೆ ಹೋಗಬೇಕಾಗಿಲ್ಲ.

ಪರ್ಯೆಯ ಆ ಮ್ಯಾನೇಜ್‌ಮೆಂಟ್ ಸಂಸ್ಥೆ ಹುಟ್ಟಿದ್ದು 1993ರಲ್ಲಿ. ಅದಕ್ಕೂ ಮೊದಲು ಭುವನೇಶ್ವರದ ಕ್ಸೇವಿಯರ್ ಸಂಸ್ಥೆಯನ್ನು ಕಟ್ಟಿದ್ದ ಜೆಸ್ವಿಟ್ ಪಾದ್ರಿ ರೊಮುಆಲ್ಡ್ ಡಿಸೋಜಾ, ಮಾಂಡೋವಿ ದಂಡೆಯ ರಿಬಂದರ್‌ನಲ್ಲಿ ಪೋರ್ಚುಗೀಸರ ಕಾಲದ ಹಳೆಯ ಆಸ್ಪತ್ರೆ ಕಟ್ಟಡದಲ್ಲಿ ಇದನ್ನು ಆರಂಭಿಸಿದರು. ಪರ್ಯೆಗೆ ಬಂದದ್ದು ಆಮೇಲೆ. ಇಲ್ಲಿನ ವಿದ್ಯಾರ್ಥಿಗಳಿಗೆ ‘ಗಿವ್ ಗೋವಾ’ ಎಂಬ ಕೋರ್ಸ್ ಇದೆ. ಗುಂಪು ಗುಂಪಾಗಿ ಶಾಲೆ, ಸ್ವಯಂಸೇವಾ ಸಂಸ್ಥೆಗಳಂಥ ಕಡೆ ಹೋಗಿ ಕೆಲಸ ಮಾಡಬೇಕು. ಮೆಚ್ಚಬೇಕಾದ ಕ್ರಮ. ಆದರೆ ಊರಿನ ಪರಿಚಯ ಸಮಾಜಸೇವೆಯ ಖಾನೆಯಲ್ಲೇ ಉಳಿದರೆ ಸಾಲದು. ಹಣಕಾಸು, ಮಾರ್ಕೆಟಿಂಗ್, ಕಾರ್ಮಿಕ ಸಂಬಂಧಗಳ ಪಾಠದೊಳಕ್ಕೂ ಅದು ಬರಬೇಕು. ಗೋವಾ ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲಿಗೂ, ಪಣಜಿ, ಮಡಗಾಂವ್‌ಗಳ ಬಿಬಿಎ ಕಾಲೇಜುಗಳಿಗೂ ಈ ಮಾತು ಸಲ್ಲುತ್ತದೆ.

ಹಣಕಾಸಿನ ಪಾಠಕ್ಕೆ ಡಿಚೋಲಿ–ಸಾಂಖಳಿಯ ಗಣಿ ಪಟ್ಟಿಯೇ ಸಾಕು. 2012ರಲ್ಲಿ ಸುಪ್ರೀಂ ಕೋರ್ಟ್ ಅದಿರು ತೆಗೆಯುವುದನ್ನು ನಿಲ್ಲಿಸಿತು. 2014ರಲ್ಲಿ ತಡೆ ತೆರವಾಯಿತು. ನವೀಕರಣಗೊಂಡಿದ್ದ 88 ಗಣಿ ಗುತ್ತಿಗೆಗಳು 2018ರ ಫೆಬ್ರುವರಿಯಲ್ಲಿ ಒಟ್ಟಿಗೇ ರದ್ದಾದವು. ಸಾಲ ಮಾಡಿ ಟಿಪ್ಪರ್ ಕೊಂಡವರ ಮನೆ ಮುಂದೆ ಗಾಡಿ ತುಕ್ಕು ಹಿಡಿಯಿತು. ಬ್ಯಾಂಕಿನ ಕಂತು ಮಾತ್ರ ನಿಲ್ಲಲಿಲ್ಲ. ಒಂದೇ ಗಿರಾಕಿಯನ್ನು, ಒಂದೇ ಪರವಾನಗಿಯನ್ನು ನಂಬಿ ಎಷ್ಟು ಸಾಲ ಮಾಡಬಹುದು? ಇದಕ್ಕೆ ಉತ್ತರ ಹುಡುಕುವ ವಿದ್ಯಾರ್ಥಿ, ಬ್ಯಾಂಕಿನಲ್ಲಿ ಕುಳಿತ ಮೇಲೆ ಅರ್ಜಿಯನ್ನು ಬೇರೆ ಕಣ್ಣಿನಿಂದ ಓದುತ್ತಾನೆ.

ಮಾರ್ಕೆಟಿಂಗ್‌ಗೆ ಫೆನಿ ಇದೆ. ಸತ್ತರಿಯ ಗುಡ್ಡಗಳ ಗೇರುಹಣ್ಣು ಬೇಸಿಗೆಯ ಕೆಲವೇ ವಾರ ಸಿಗುತ್ತದೆ. ಆಗಲೇ ಹಿಂಡಿ, ಹುಳಿ ಬರಿಸಿ, ಭಟ್ಟಿ ಇಳಿಸಬೇಕು. ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿತು. ಆದರೂ ಕಾಗದದಲ್ಲಿ ಅದು ನಾಡಸಾರಾಯಿಯಾಗಿಯೇ ಇತ್ತು. ಆ ಹಣೆಪಟ್ಟಿ ಹೊತ್ತು ಗೋವಾದ ಗಡಿ ದಾಟುವುದು ಸುಲಭವಿರಲಿಲ್ಲ. 2016ರಲ್ಲಿ ರಾಜ್ಯ ಸರ್ಕಾರ ಅದನ್ನು ಪಾರಂಪರಿಕ ಪೇಯವೆಂದು ಸಾರಿತು. ಬ್ರ್ಯಾಂಡ್, ಕಾನೂನು, ಹಂಗಾಮು, ಮರ್ಯಾದೆ, ಎಲ್ಲವೂ ಒಂದೇ ಬಾಟಲಿಯಲ್ಲಿವೆ.

ದೇಶದ ಮೂಲೆಮೂಲೆಯಿಂದ ಬಂದು ನಾಳೆ ಬೆಂಗಳೂರು, ಮುಂಬೈಗೆ ಹೋಗುವ ಹುಡುಗರಿಗೆ ಗೋವಾದ ಕಥೆ ಯಾಕೆ ಎಂದು ಕೇಳುವವರಿದ್ದಾರೆ. ಹಾರ್ವರ್ಡ್‌ನ ಬಿಸಿನೆಸ್ ಸ್ಕೂಲ್ ಪಾಠಕ್ಕೆಂದು ಬರೆಸಿದ ಮೊದಲ ಕೇಸ್ ಏನಿತ್ತು ಎಂಬುದನ್ನು ಅವರು ನೆನೆಯಬೇಕು. 1921ರ ಆ ಬರಹ ಒಂದು ಶೂ ಕಂಪನಿಯದು: ಕಾರ್ಮಿಕರು ಕೆಲಸ ಮುಗಿಯುವ ಹೊತ್ತಿಗೆ ಮುಂಚೆಯೇ ಕೈ ತೊಳೆಯಲು ಏಕೆ ಏಳುತ್ತಾರೆ ಎಂಬ ಸಣ್ಣ ಪ್ರಶ್ನೆ. ಆ ಸಣ್ಣ ಪ್ರಶ್ನೆಯಿಂದ ಹೊರಟ ಬೋಧನಾ ಕ್ರಮ ಜಗತ್ತನ್ನೇ ಸುತ್ತಿತು.

2024–25ರಿಂದ ಬಿಬಿಎ ಕೋರ್ಸ್‌ಗಳೂ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ವ್ಯಾಪ್ತಿಗೆ ಬಂದಿವೆ, ಮಾದರಿ ಪಠ್ಯಕ್ರಮವೂ ಬಂದಿದೆ. ದೇಶಕ್ಕೆಲ್ಲ ಒಂದೇ ಅಚ್ಚು ಬಂದಾಗ ಊರಿನ ಪಾಠ ಮೊದಲು ಉದುರಿಹೋಗುವ ಭಯವಿದೆ. ಕರ್ನಾಟಕದಲ್ಲಿ ಬಿಬಿಎಂ ಹೋಗಿ ಬಿಬಿಎ ಬಂತು. ಬೋರ್ಡು ಬದಲಾದಷ್ಟು ಸಲೀಸಾಗಿ ಪಾಠ ಬದಲಾಗಲಿಲ್ಲ.

ಹಾಗಾಗಿ ಈ ಕಾಲೇಜುಗಳು ಒಂದು ಸೆಮಿಸ್ಟರ್‌ನಲ್ಲಿ ಒಂದು ರಾತ್ರಿಯನ್ನಾದರೂ ಲಾರಿಗೆ ಕೊಡಲಿ. ಇಬ್ಬರು ವಿದ್ಯಾರ್ಥಿಗಳು ಬೆಳಗಾವಿಯ ಮಾರುಕಟ್ಟೆಯಲ್ಲಿ ಹತ್ತಿ, ಹಮಾಲಿ, ದಲ್ಲಾಳಿಯ ಕಮಿಷನ್, ಡೀಸೆಲ್, ಬಾಡಿಗೆ ಬರೆದುಕೊಳ್ಳುತ್ತ, ಚಾಲಕನ ಕನ್ನಡ–ಮರಾಠಿ ಬೆರಕೆ ಮಾತು ಕೇಳುತ್ತ ಗೋವಾದ ಮಾಪುಸಾ ಮಾರುಕಟ್ಟೆಯಲ್ಲಿ ಇಳಿಯಲಿ. ಪರೀಕ್ಷೆಗೆ ಪ್ರಶ್ನೆ ತೆಗೆಯುವುದೂ ಕಷ್ಟವಲ್ಲ: ಮಳೆಗೆ ಘಾಟಿನಲ್ಲಿ ಮರ ಬಿದ್ದು ಲಾರಿ ಆರು ತಾಸು ತಡವಾಯಿತು. ಕೊಳೆತ ಟೊಮೆಟೊದ ನಷ್ಟ ಯಾರ ತಲೆಗೆ? ರೈತನಿಗೋ, ದಲ್ಲಾಳಿಗೋ, ಲಾರಿ ಮಾಲೀಕನಿಗೋ, ಮಾಪುಸಾದ ಅಂಗಡಿಯವನಿಗೋ? ಹತ್ತು ಅಂಕ.