ಪರಿವಿಡಿಯೇ ರೂಪರೇಷೆಯಲ್ಲ

ಕನ್ನಡ ವಿಭಾಗಗಳಿಗೆ ಸಲ್ಲಿಕೆಯಾಗುವ ಪಿಎಚ್.ಡಿ. ಸಾರಲೇಖಗಳನ್ನು ಓದುವಾಗ ಮತ್ತೆ ಮತ್ತೆ ಒಂದೇ ಅಚ್ಚು ಎದುರಾಗುತ್ತದೆ. ಶೀರ್ಷಿಕೆಯ ಕೊನೆಗೆ ‘ಒಂದು ಅಧ್ಯಯನ’ ಎಂಬ ಪದಪುಂಜ. ಒಳಗೆ ಪ್ರಸ್ತಾವನೆ, ರಾಜಕೀಯ ಹಿನ್ನೆಲೆ, ಸಾಮಾಜಿಕ ಜೀವನ, ಧಾರ್ಮಿಕ ಜೀವನ, ಆರ್ಥಿಕ ಸ್ಥಿತಿ, ಸಾಹಿತ್ಯಿಕ ಮೌಲ್ಯ, ಉಪಸಂಹಾರ ಎಂಬ ಏಳು ಅಧ್ಯಾಯಗಳು. ಒಂದು ವಿಷಯದ ಹೆಸರನ್ನು ತೆಗೆದು ಅಲ್ಲಿ ಇನ್ನೊಂದನ್ನು ಕೂರಿಸಿದರೂ ಅಧ್ಯಾಯಗಳು ಅಲುಗುವುದಿಲ್ಲ. ಯಾವ ವಿಷಯಕ್ಕೂ ಒಗ್ಗುವ ಇಂಥ ವಿಂಗಡಣೆ ವಾಸ್ತವವಾಗಿ ಯಾವ ವಿಷಯದ ಯೋಜನೆಯೂ ಅಲ್ಲ. ಅದು ಬರೆಯದ ಗ್ರಂಥವೊಂದರ ಪರಿವಿಡಿ ಮಾತ್ರ.

ಈ ಮಾತನ್ನು ದಡದಲ್ಲಿ ನಿಂತು ಹೇಳುತ್ತಿಲ್ಲ. ನಾನು ನೋಂದಣಿಯ ವೇಳೆ ಸಲ್ಲಿಸಿದ್ದೂ ಇಂಥದೇ ಸಾರಲೇಖ. ವಿಷಯ, ಶ್ರವಣಬೆಳಗೊಳದ ಶಾಸನಗಳು. ಎರಡು ವರ್ಷ ಚೀಟಿಗಳ ಮೇಲೆ ಚೀಟಿ ಬರೆದೆ. ದಾನ, ತೆರಿಗೆ, ಬಸದಿ, ಗುರುಪರಂಪರೆ ಎಂದು ಕಟ್ಟು ಕಟ್ಟಿದೆ. ಹಿರಿಯ ವಿದ್ವಾಂಸರೊಬ್ಬರು ಎಲ್ಲವನ್ನೂ ತಾಳ್ಮೆಯಿಂದ ನೋಡಿ, “ಇವೆಲ್ಲ ಸರಿ. ಈ ಶಾಸನಗಳನ್ನು ನೀವು ಏನು ಕೇಳುತ್ತಿದ್ದೀರಿ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಎರಡು ವರ್ಷಗಳ ಚೀಟಿಗಳಲ್ಲಿ ಮುಕ್ಕಾಲು ಪಾಲು ಮುಂದೆ ಉಪಯೋಗಕ್ಕೆ ಬರಲಿಲ್ಲ.

ರೂಪರೇಷೆಯ ಮೊದಲ ಸಾಲಿನಲ್ಲಿ ಇರಬೇಕಾದದ್ದು ಪ್ರಶ್ನೆ. ‘ಶ್ರವಣಬೆಳಗೊಳದ ಶಾಸನಗಳು’ ಎಂಬುದು ಕ್ಷೇತ್ರವೇ ಹೊರತು ಪ್ರಶ್ನೆಯಲ್ಲ. ಚಿಕ್ಕಬೆಟ್ಟದ ಏಳು-ಎಂಟನೆಯ ಶತಮಾನಗಳ ನಿಸಿದಿ ಬರಹಗಳಲ್ಲಿ ಅನೇಕವು ಎರಡು-ಮೂರು ಸಾಲಿನವು. ‘ನೋಂತು ಮುಡಿಪಿದರ್’ ಎಂಬಂಥ ನುಡಿಯಲ್ಲಿ ಮುಗಿಯುವಂಥವು. ಹನ್ನೆರಡನೆಯ ಶತಮಾನಕ್ಕೆ ಬಂದರೆ ದೀರ್ಘವಾದ, ಕಾವ್ಯಾಲಂಕಾರಗಳಿಂದ ತುಂಬಿದ ಪ್ರಶಸ್ತಿಗಳು ಕಾಣುತ್ತವೆ. ಮರಣವನ್ನು ಹೇಳುವ ಮಾತು ಈ ನಾಲ್ಕೈದು ಶತಮಾನಗಳಲ್ಲಿ ಹೇಗೆ ಬದಲಾಯಿತು, ಏಕೆ ಬದಲಾಯಿತು? ಇದು ಪ್ರಶ್ನೆ. ಇದನ್ನು ಹಿಡಿದೊಡನೆ ಯಾವ ಶಾಸನ ಬೇಕು, ಯಾವುದು ಬೇಡ ಎಂಬುದು ತಾನಾಗಿ ತಿಳಿಯತೊಡಗುತ್ತದೆ. ಅಧ್ಯಾಯಗಳೂ ಆ ಪ್ರಶ್ನೆಯ ಮೆಟ್ಟಿಲುಗಳಾಗಿ ರೂಪುಗೊಳ್ಳುತ್ತವೆ.

ಎರಡನೆಯದು ಆಕರ. ‘ಎಪಿಗ್ರಾಫಿಯ ಕರ್ನಾಟಿಕ’ದ ಶ್ರವಣಬೆಳಗೊಳ ಸಂಪುಟವನ್ನು ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಅದರಲ್ಲಿದ್ದ ಶಾಸನಗಳು 144. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ ಅವು 500 ಆದವು. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ 1973ರ ಆವೃತ್ತಿಯಲ್ಲಿ 573. ಸಂಖ್ಯೆ ಬೆಳೆದಂತೆ ಕ್ರಮಾಂಕಗಳೂ ಬದಲಾದವು. ರೈಸ್ ಸಂಪುಟದಲ್ಲಿ 54 ಆಗಿದ್ದ ಮಲ್ಲಿಷೇಣ ಪ್ರಶಸ್ತಿ ನರಸಿಂಹಾಚಾರ್ಯರಲ್ಲಿ 67. ಯಾವ ಆವೃತ್ತಿಯನ್ನು ಅನುಸರಿಸುತ್ತೇನೆಂದು ನಾನು ಎಲ್ಲಿಯೂ ಬರೆದಿಟ್ಟುಕೊಂಡಿರಲಿಲ್ಲ. ಪರಿಣಾಮವಾಗಿ ಹಳೆಯ ಲೇಖನಗಳಿಂದ ಎತ್ತಿಕೊಂಡ ಕೆಲವು ಶಾಸನಗಳು ನನ್ನ ಪಟ್ಟಿಯಲ್ಲಿ ಎರಡೆರಡು ಬಾರಿ ಸೇರಿಕೊಂಡಿದ್ದವು. ರೂಪರೇಷೆಯಲ್ಲಿ ಒಂದು ಸಾಲು ಇದ್ದಿದ್ದರೆ ಸಾಕಿತ್ತು.

ಮೂರನೆಯದು ಮಿತಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಸಂಶೋಧನೆಗೂ ಸಲ್ಲುವ ಮಾತು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಎಷ್ಟೇ ವಿಸ್ತಾರವಾಗಿದ್ದರೂ ಕ್ರಿ.ಶ. 450ರಿಂದ 1150 ಎಂಬ ಗಡಿಯನ್ನು ತಾನೇ ಹಾಕಿಕೊಂಡಿದೆ. ಎಂ.ಎಂ. ಕಲಬುರ್ಗಿಯವರ ಪಿಎಚ್.ಡಿ. ಪ್ರಬಂಧದ ವಿಷಯ ‘ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ’. ಒಂದು ಕೃತಿಯ ಸುತ್ತ ಬೇಲಿ ಕಟ್ಟಿ ಒಳಗೆ ಆಳವಾಗಿ ಉತ್ತ ಕೆಲಸ ಅದು. ನಾವಾದರೋ ಅವರ ಶೀರ್ಷಿಕೆಗಳ ವೈಶಾಲ್ಯವನ್ನು ಅನುಕರಿಸಿದೆವು, ಬೇಲಿಯನ್ನು ಮರೆತೆವು.

ನಾಲ್ಕನೆಯದು ಪೂರ್ವಾಧ್ಯಯನ. ಇದು ಗ್ರಂಥಗಳ ಹೆಸರನ್ನು ಸಾಲಾಗಿ ಜೋಡಿಸುವ ಕೆಲಸವಲ್ಲ. ಇದೇ ಬೆಟ್ಟದ ಮರಣಸ್ಮಾರಕಗಳನ್ನು ಕುರಿತು ಷ. ಶೆಟ್ಟರ್ ಅವರು ‘ಇನ್‌ವೈಟಿಂಗ್ ಡೆತ್’ ಎಂಬ ಗ್ರಂಥವನ್ನೇ ರಚಿಸಿದ್ದಾರೆ. ಅದನ್ನು ಓದಿದ ಮೇಲೂ ನನ್ನ ಪ್ರಶ್ನೆ ಉಳಿಯುತ್ತದೆಯೇ ಎಂಬುದನ್ನು ಸಂಶೋಧಕ ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಉಳಿಯದಿದ್ದರೆ ಅದು ತಿಳಿಯಬೇಕಾದದ್ದು ಮೊದಲ ಆರು ತಿಂಗಳಲ್ಲಿ, ಮೌಖಿಕ ಪರೀಕ್ಷೆಯ ದಿನವಲ್ಲ.

ಮೊದಲೇ ಚೌಕಟ್ಟು ಹಾಕಿಕೊಂಡರೆ ಆಕರಗಳು ಹೇಳುವುದು ಕೇಳಿಸದೆ ಹೋಗುತ್ತದೆ ಎಂಬ ಆಕ್ಷೇಪವಿದೆ. ಅದರಲ್ಲಿ ಸತ್ಯಾಂಶವೂ ಇದೆ. ಆದರೆ ಆ ಅಪಾಯ ಸ್ಪಷ್ಟವಾದ ರೂಪರೇಷೆಯಿಂದ ಬರುವುದಕ್ಕಿಂತ ಅದನ್ನು ಬದಲಿಸಲೊಲ್ಲದ ಸಂಕೋಚದಿಂದ ಬರುತ್ತದೆ. ನನ್ನ ಬಳಿ ಬರುವ ವಿದ್ಯಾರ್ಥಿಗಳಿಗೆ ಮೊದಲ ರೂಪರೇಷೆಯನ್ನು ಎರಡು ಪುಟ ಮೀರದಂತೆ ಬರೆಯಲು ಹೇಳುತ್ತೇನೆ. ಆರು ತಿಂಗಳಿಗೊಮ್ಮೆ ಅದನ್ನು ತಿದ್ದಿ, ತಿದ್ದಿದ ದಿನಾಂಕವನ್ನೂ ಕಾರಣವನ್ನೂ ಅಂಚಿನಲ್ಲಿ ನಮೂದಿಸಬೇಕು. ಮೊದಲಿನ ಊಹೆ ಎಲ್ಲಿ ಸುಳ್ಳಾಯಿತೆಂಬುದು ಅಲ್ಲಿ ದಾಖಲಾಗುತ್ತದೆ. ಎಷ್ಟೋ ವೇಳೆ ಪ್ರಬಂಧದ ಅತ್ಯುತ್ತಮ ಅಧ್ಯಾಯ ಹುಟ್ಟುವುದು ಆ ಅಂಚಿನ ಟಿಪ್ಪಣಿಯಿಂದಲೇ. ಊಹೆಯನ್ನೇ ಬರೆದಿಡದವನಿಗೆ ಅದು ಸುಳ್ಳಾದದ್ದೂ ತಿಳಿಯುವುದಿಲ್ಲ.

ಇದರ ಹೊಣೆ ವಿದ್ಯಾರ್ಥಿಗಳದು ಮಾತ್ರವಲ್ಲ. ಏಳು ಅಧ್ಯಾಯಗಳ ಆ ಅಚ್ಚನ್ನು ಅವರ ಕೈಗಿಟ್ಟವರು ಮಾರ್ಗದರ್ಶಕರಾದ ನಾವೇ. ಸಾರಲೇಖಕ್ಕೆ ಸಹಿ ಹಾಕುವ ಮುನ್ನ ‘ಏನು ಕೇಳುತ್ತಿದ್ದೀರಿ?’ ಎಂದು ಒಮ್ಮೆ ಕೇಳಿದರೆ, ಒಬ್ಬ ಸಂಶೋಧಕನ ಬದುಕಿನ ಎರಡು ವರ್ಷಗಳಾದರೂ ಉಳಿದಾವು.