ಬೆಳಗಿನ ಜಾವದ ಕನಸಿನ ಲೆಕ್ಕ

ಮಕ್ಕಳೇ, ಬೆಳಗಿನ ಜಾವ ಬಿದ್ದ ಕನಸು ನಿಜವಾಗುತ್ತದೆ ಅಂತ ನಿಮ್ಮ ಮನೆಯ ಅಜ್ಜಿ ಹೇಳಿರಬಹುದು. ನಿಜವಾಗುತ್ತದೋ ಇಲ್ಲವೋ, ಅದು ಬೇರೆ ಮಾತು. ಆದರೆ ರಾತ್ರಿ ಮಲಗಿದ ಹೊಸತರಲ್ಲಿ ಬಿದ್ದ ಕನಸು ಅಷ್ಟಾಗಿ ನೆನಪಿರುವುದಿಲ್ಲ, ಬೆಳಗಿನ ಜಾವದ್ದು ಮಾತ್ರ ಸಿನಿಮಾದ ಹಾಗೆ ಕಣ್ಣಿಗೆ ಕಟ್ಟಿರುತ್ತದೆ. ಯಾಕೆ ಅಂತ ತಿಳಿದುಕೊಂಡರೆ ‘ಲೂಸಿಡ್ ಡ್ರೀಮ್’ ಎಂಬುದರ ಗುಟ್ಟೂ ಗೊತ್ತಾಗುತ್ತದೆ. ಕನಸು ಕಾಣುತ್ತಿರುವಾಗಲೇ ‘ಅರೆ, ಇದು ಕನಸು!’ ಎಂದು ಅರಿವಾಗುವುದಕ್ಕೆ ಆ ಹೆಸರು. ನಾವು ಎಚ್ಚರದ ಕನಸು ಎನ್ನೋಣ.

ಇದು ಕಟ್ಟುಕಥೆಯಲ್ಲ. ನಿದ್ರೆ ಮಾಡುವವರ ಕಣ್ಣುಗುಡ್ಡೆಗಳು ರೆಪ್ಪೆಯೊಳಗೆ ಆಗಾಗ ಸರಸರನೆ ಓಡಾಡುತ್ತವೆ ಎಂದು 1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಪ್ರಕಟಿಸಿದರು. ಆ ಹೊತ್ತಿನಲ್ಲಿ ಎಬ್ಬಿಸಿ ಕೇಳಿದರೆ ಹೆಚ್ಚಿನವರು ಒಂದು ಕನಸು ಹೇಳುತ್ತಿದ್ದರು. ಈ ನಿದ್ರೆಗೆ ‘ರೆಮ್’ ಎಂದು ಹೆಸರು. ಆಗ ಕೈಕಾಲುಗಳ ಸ್ನಾಯು ಪೂರ್ತಿ ಸಡಿಲ, ಕಣ್ಣು ಮಾತ್ರ ಆಡುತ್ತಿರುತ್ತದೆ. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಇದನ್ನೇ ಉಪಯೋಗಿಸಿಕೊಂಡರು. 1975ರಲ್ಲಿ ಅಲನ್ ವರ್ಸ್ಲಿ ಎಂಬುವರು ನಿದ್ರೆಯಲ್ಲಿದ್ದುಕೊಂಡೇ, ಮೊದಲೇ ಮಾತಾಡಿಕೊಂಡಂತೆ ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ‘ನಾನೀಗ ಕನಸಿನಲ್ಲಿದ್ದೇನೆ’ ಎಂದು ಸನ್ನೆ ಕೊಟ್ಟರು. ಯಂತ್ರ ಅದನ್ನು ದಾಖಲಿಸಿತು. ಕೆಲವೇ ವರ್ಷಗಳಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಬರ್ಜ್ ಕೂಡ ಇದನ್ನು ತೋರಿಸಿಕೊಟ್ಟರು. ಕಲಿಯುವ ಒಂದು ವಿಧಾನವನ್ನೂ ರೂಪಿಸಿದರು.

ಈಗ ನನಗೆ ಇಷ್ಟವಾದ ಭಾಗ, ಲೆಕ್ಕ. ನಿದ್ರೆ ಸುತ್ತು ಸುತ್ತಾಗಿ ಬರುತ್ತದೆ. ದೊಡ್ಡವರಲ್ಲಿ ಒಂದು ಸುತ್ತು ಸುಮಾರು 90 ನಿಮಿಷ. ನಮ್ಮ ಹಿರಿಯರ ಒಂದು ಜಾವ ಎಂದರೆ 3 ಗಂಟೆ, ಅಂದರೆ ಜಾವಕ್ಕೆ ಎರಡು ಸುತ್ತು. ರಾತ್ರಿ 10ಕ್ಕೆ ನಿದ್ರೆ ಹತ್ತಿದರೆ ಸುತ್ತು ಮುಗಿಯುವುದು ಹೆಚ್ಚು ಕಡಿಮೆ 11.30, 1, 2.30, 4, 5.30ಕ್ಕೆ. ಎಲ್ಲ ಸುತ್ತೂ ಒಂದೇ ಥರ ಇರುವುದಿಲ್ಲ. ಮೊದಲ ಸುತ್ತುಗಳಲ್ಲಿ ಗಾಢ ನಿದ್ರೆ ಹೆಚ್ಚು, ರೆಮ್ ಕೆಲವೇ ನಿಮಿಷ. ಕೊನೆಕೊನೆಗೆ ಗಾಢ ನಿದ್ರೆ ಕಡಿಮೆಯಾಗಿ ರೆಮ್ ಅರ್ಧ ಗಂಟೆಯವರೆಗೂ ಬೆಳೆಯುತ್ತದೆ. ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ ಗಾಢ ನಿದ್ರೆ ಅಸಲು, ಕನಸು ಬಡ್ಡಿ. ಅಸಲು ಕಟ್ಟದೆ ಬಡ್ಡಿ ಬರುವುದಿಲ್ಲ.

ಹಾಗಾಗಿ ಎಚ್ಚರದ ಕನಸು ಕಲಿಯುವವರು ನಡುರಾತ್ರಿ 12ಕ್ಕೆ ಎದ್ದರೆ ದಂಡ. ಐದಾರು ಗಂಟೆ ನಿದ್ರೆಯಾದ ಮೇಲೆ ಏಳುತ್ತಾರೆ. ಆಗಷ್ಟೇ ಕಂಡ ಕನಸನ್ನು ನೆನಪಿಸಿಕೊಂಡು, ‘ಮುಂದಿನ ಕನಸಿನಲ್ಲಿ ಇದು ಕನಸೆಂದು ಗುರುತು ಹಿಡಿಯುತ್ತೇನೆ’ ಎಂದು ಸಂಕಲ್ಪ ಮಾಡುತ್ತಾರೆ. ಕೆಲವರು ಅರ್ಧ ಗಂಟೆ ಎದ್ದಿದ್ದು ಮತ್ತೆ ಮಲಗುತ್ತಾರೆ. ಮುಂದೆ ಬರುವುದೇ ಉದ್ದನೆಯ ರೆಮ್, ಸಂಕಲ್ಪವೂ ಇನ್ನೂ ಹಸಿಯಾಗಿರುತ್ತದೆ.

ಏಳನೇ ತರಗತಿಯ ನನ್ನ ಮೊಮ್ಮಗ ಯಾವುದೋ ವಿಡಿಯೊ ನೋಡಿ ಒಂದು ವಾರ ರಾತ್ರಿ 3ಕ್ಕೆ ಅಲಾರಂ ಇಟ್ಟ. ಕನಸಿನಲ್ಲಿ ಹಾರಾಡಲಿಲ್ಲ, ಗಣಿತದ ಪೀರಿಯಡ್ಡಿನಲ್ಲಿ ತೂಕಡಿಸಿದ. ಮಕ್ಕಳೇ, 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ರೆ ಬೇಕು. ಮೈ ಬೆಳೆಯುವ ಹಾರ್ಮೋನು ಹೆಚ್ಚಾಗಿ ಒಸರುವುದೇ ಗಾಢ ನಿದ್ರೆಯಲ್ಲಿ, ಪಾಠ ಮನಸ್ಸಿನಲ್ಲಿ ನಿಲ್ಲಲೂ ನಿದ್ರೆ ಬೇಕು. ನಿಮಗೆ ಅಲಾರಂ ಬೇಡವೇ ಬೇಡ. ಭಾನುವಾರ ಬೆಳಿಗ್ಗೆ ತಾನಾಗಿ ಎಚ್ಚರವಾಗುತ್ತದಲ್ಲ, ಅದೇ ಸರಿಯಾದ ಹೊತ್ತು. ಕಣ್ಣು ಬಿಡದೆ, ಮಗ್ಗುಲು ಬದಲಿಸದೆ ಹಾಗೇ ಮಲಗಿ ಕನಸನ್ನು ಹಿಂದಿನಿಂದ ನೆನಪಿಸಿಕೊಳ್ಳಿ. ಮತ್ತೆ ಜೊಂಪು ಬಂದರೆ ಸಂಕಲ್ಪ ಮಾಡಿ ಮಲಗಿ. ಬರದಿದ್ದರೆ ಎದ್ದು ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಇನ್ನು ನನ್ನ ವಯಸ್ಸಿನವರು. ನಮಗೆ ಯಾವ ಅಲಾರಮ್ಮೂ ಬೇಕಿಲ್ಲ, ಬಚ್ಚಲಿಗೆ ಹೋಗಲು ಮೂರೂವರೆಗೋ ನಾಲ್ಕಕ್ಕೋ ಎಚ್ಚರವಾಗಿಯೇ ಆಗುತ್ತದೆ. ದಡಬಡನೆ ಏಳಬೇಡಿ. ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು, ದೀಪ ಹಾಕಿ ಹೋಗಿ. ಬಂದ ಮೇಲೆ ಮೊಬೈಲ್ ಮುಟ್ಟದೆ, ಬಿಟ್ಟ ಕನಸನ್ನು ನೆನೆಯುತ್ತ ಮಲಗಿ. ಮೊದಲೇ ನಿದ್ರೆ ಬಾರದೆ ಒದ್ದಾಡುವವರಿಗೆ ಈ ಆಟ ಬೇಡ.

ಕನಸನ್ನು ಗುರುತು ಹಿಡಿಯುವುದು ಹೇಗೆ? ಒಂದು ಉಪಾಯ, ಬರಹವನ್ನು ಎರಡು ಸಲ ಓದುವುದು. ಕನಸಿನಲ್ಲಿ ಎರಡನೇ ಸಲಕ್ಕೆ ಅದು ಬದಲಾಗಿರುವುದೇ ಹೆಚ್ಚು. ಇನ್ನೊಂದು, ಮತ್ತೆ ಮತ್ತೆ ಬರುವ ಸಂಗತಿಯನ್ನು ಗಮನಿಸುವುದು. ನನಗೆ ಇವತ್ತಿಗೂ ಬೀಳುವ ಕನಸು ಲೆಡ್ಜರಿನದು. ಎಷ್ಟು ಕೂಡಿದರೂ ಮೊತ್ತ ಬೇರೆ ಬೇರೆ, ಟ್ಯಾಲಿ ಆಗುವುದೇ ಇಲ್ಲ, ಮ್ಯಾನೇಜರ್ ಕಾಯುತ್ತಿದ್ದಾರೆ. ಒಂದು ಬೆಳಗಿನ ಜಾವ ಥಟ್ಟನೆ ಹೊಳೆಯಿತು: ಈಗ ಲೆಡ್ಜರ್ ಎಲ್ಲಿದೆ, ಎಲ್ಲ ಕಂಪ್ಯೂಟರಲ್ಲವೇ? ಪುಸ್ತಕ ಮುಚ್ಚಿ, ಕೌಂಟರ್ ದಾಟಿ ಹೊರಗೆ ಬಂದೆ. ಬೀದಿ ತುಂಬ ಬಿಸಿಲು. ಆ ಸಂತೋಷಕ್ಕೇ ಎಚ್ಚರವಾಗಿಬಿಟ್ಟಿತು!

ಈ ಭಾನುವಾರ ತಿಂಡಿಗೆ ಕೂತಾಗ ಅಜ್ಜ ಅಜ್ಜಿ, ಮೊಮ್ಮಕ್ಕಳು ತಂತಮ್ಮ ಕನಸು ಹೇಳಿಕೊಳ್ಳಿ. ನಿಮ್ಮ ಮನೆಯಲ್ಲಿ ಯಾರ ಹತ್ತಿರ ಯಾವ ಲೆಡ್ಜರ್ ಇದೆಯೋ ನೋಡೋಣ.